ಮೂರು ಬಣ್ಣದ ಪ್ಯಾನೆಲ್ ಲೈಟು: ಮಲೆನಾಡ ಮಳೆಗೆ ಬಣ್ಣ ಬಯಲು

ಸ್ವಿಚ್ ಆರಿಸಿ ಹಾಕಿದ ಹಾಗೆಲ್ಲ ಬಿಳಿ, ಹಳದಿ, ನಡುವಿನ ತಿಳಿಬಣ್ಣ ಅಂತ ಬದಲಾಗುವ 12 ವ್ಯಾಟಿನ ಪ್ಯಾನೆಲ್ ಇದು. ಡಬ್ಬಿ ಮೇಲೆ ಬರೆದದ್ದನ್ನು ನೀವೂ ಓದಿರುತ್ತೀರಿ. ಅಲ್ಲಿ ಬರೆಯದ ವಿಷಯ ಒಂದಿದೆ: ಗಾಳಿಮಳೆ ಶುರುವಾದರೆ ಬಣ್ಣ ಬದಲಿಸುವ ಅಧಿಕಾರ ನಿಮ್ಮ ಕೈಲಿರಲ್ಲ, ಲೈನಿಗೆ ಒರಗಿದ ಅಕೇಶಿಯಾ ಕೊಂಬೆಯ ಕೈಲಿರುತ್ತೆ.

ಲೈಟಿಗೆ ಕರೆಂಟು ಹದ ಮಾಡಿ ಕೊಡುವ ಸಣ್ಣ ಪೆಟ್ಟಿಗೆಯೇ ಡ್ರೈವರ್. ಅದರೊಳಗಿನ ಐಸಿ ಎಂಬ ಪುಟ್ಟ ಚಿಪ್, ಕರೆಂಟು ಕಡಿದು ಬಂದದ್ದನ್ನು ಎಣಿಸುತ್ತೆ ಅಷ್ಟೆ. ಕಡಿದದ್ದು ಸ್ವಿಚ್ಚೋ ಕೊಂಬೆಯೋ ಅದಕ್ಕೆ ಬೇಕಿಲ್ಲ. ಹೊಸನಗರ, ತೀರ್ಥಹಳ್ಳಿ ಕಡೆ ಜುಲೈ ತಿಂಗಳಲ್ಲಿ ಕರೆಂಟು ಪೂರ್ತಿ ಹೋಗೋದು ಒಂದು ಕತೆಯಾದರೆ, ಕಣ್ಣು ಮಿಟುಕಿಸೋದು ಇನ್ನೊಂದು. ಊಟಕ್ಕೆ ಕೂತಾಗ ಹಳದಿ, ಸಾರು ಬಡಿಸುವಾಗ ಬಿಳಿ, ಮಜ್ಜಿಗೆ ಹೊತ್ತಿಗೆ ಮತ್ತೊಂದು. ಒಂದೇ ಸ್ವಿಚ್ಚಿಗೆ ನಾಲ್ಕು ಪ್ಯಾನೆಲ್ ಕೊಟ್ಟಿದ್ದರಂತೂ ಕೇಳೋದೇ ಬೇಡ. ಕರೆಂಟು ಕಡಿದಾಗ ಕ್ಷಣಹೊತ್ತು ಚಾರ್ಜ್ ಹಿಡಿದಿಡೋದು ಕೆಪಾಸಿಟರ್. ಎಲ್ಲ ಡ್ರೈವರಿನ ಕೆಪಾಸಿಟರ್‌ಗಳೂ ಒಂದೇ ಸಮ ಚಾರ್ಜ್ ಹಿಡಿಯಲ್ಲ. ಸಣ್ಣ ಮಿಟುಕಿಗೆ ಎರಡು ಬದಲಾದರೆ ಎರಡು ಹಾಗೇ ಉಳಿಯುತ್ತವೆ. ಇನ್ವರ್ಟರ್‌ಗೆ ಹೋಗಿ ಬರುವಾಗಲೂ ಇದೇ ಪಾಡು. ಇನ್ವರ್ಟರನ್ನು ಯುಪಿಎಸ್ ಮೋಡ್ ಎಂಬ, ಬೇಗ ಬ್ಯಾಟರಿಗೆ ಬದಲಾಗುವ ಸೆಟ್ಟಿಂಗಿಗೆ ಹಾಕಿದರೆ ಕಾಟ ಕಮ್ಮಿ, ಆದರೆ ಆಗ ವೋಲ್ಟೇಜ್ 180ರ ಆಸುಪಾಸಿಗೆ ಇಳಿದಾಗಲೆಲ್ಲ ಬ್ಯಾಟರಿ ಮೇಲೆ ಓಡುತ್ತೆ. ಪಂಪ್‌ಸೆಟ್ ಲೈನಿನ ಕೊನೇ ಮನೆಗಳಿಗೆ ಅದು ಆಗಿಬರಲ್ಲ.

ಸಾಲು ತಪ್ಪಿದ ಲೈಟುಗಳನ್ನು ಹೊಂದಿಸಲು ಸ್ವಿಚ್ ಆರಿಸಿ ಹತ್ತು ಹದಿನೈದು ಸೆಕೆಂಡು ಬಿಡಿ, ಬಹಳಷ್ಟು ಮಾಡೆಲ್‌ಗಳು ಮೊದಲ ಬಣ್ಣಕ್ಕೆ ಬಂದು ನಿಲ್ಲುತ್ತವೆ. ಕೊನೆಯ ಬಣ್ಣ ನೆನಪಿಟ್ಟುಕೊಳ್ಳುವ ಮಾಡೆಲ್ ಇಂಥ ಸಾಲಿಗೆ ಬೇಡವೇ ಬೇಡ. ಬಣ್ಣ ಆಯ್ಕೆಗೆ ಡ್ರೈವರ್ ಮೇಲೆ ಸಣ್ಣ ಜಾರುಗುಂಡಿ ಇರುವ ಪ್ಯಾನೆಲ್ಲೂ ಬರುತ್ತೆ. ಬೆಳಕಿನ ಬಣ್ಣದ ಅಳತೆ ಕೆಲ್ವಿನ್, ಕಮ್ಮಿಯಾದಷ್ಟೂ ಹಳದಿ, ಹೆಚ್ಚಾದಷ್ಟೂ ಬಿಳಿ. ಒಮ್ಮೆ 3000 ಕೆಲ್ವಿನ್‌ಗೆ ತಳ್ಳಿ ಕೂರಿಸಿದರೆ ಸಿಡಿಲು ಬಡಿದರೂ ಬಣ್ಣ ಬದಲಾಗಲ್ಲ. (ಸಿಡಿಲಿಗೆ ಡ್ರೈವರೇ ಸುಟ್ಟುಹೋಗೋದು ಬೇರೆ ಮಾತು. ಲೋಡ್ ಹೆಚ್ಚಾದರೆ ತಾನೇ ಬೀಳುವ ಎಂಸಿಬಿ ಸ್ವಿಚ್ ಅದನ್ನು ತಡೆಯಲ್ಲ. ಸರ್ಜ್ ಪ್ರೊಟೆಕ್ಟರ್ ಬೇಕು, ಅದಕ್ಕೆ ಸರಿಯಾದ ಅರ್ಥಿಂಗ್ ಬೇಕು.)

ಇಷ್ಟು ಬೈದ ಮೇಲೂ ಮಲಗುವ ಕೋಣೆಯಲ್ಲಿ ಇದನ್ನು ಬಿಚ್ಚಿಸೋ ಮನಸ್ಸಾಗಲ್ಲ. ಅಲ್ಲಿ ಒಂದು ಸ್ವಿಚ್ಚಿಗೆ ಒಂದೇ ಲೈಟು, ಸಾಲು ತಪ್ಪುವ ಮಾತಿಲ್ಲ. ಕಪಾಟಿನಲ್ಲಿ ಏನಾದರೂ ಹುಡುಕಬೇಕಾದರೆ ಬಿಳಿ, ಹಾಸಿಗೆ ಹಾಸುವ ಹೊತ್ತಿಗೆ ಟಕ್ ಟಕ್ ಅಂತ ಹಳದಿ. ಆ ಹಳದಿ ಕೆಂಪು ಗಾರೆ ನೆಲದ ಮೇಲೆ ಬಿದ್ದಾಗ, ಸಾದಾ ಪ್ಯಾನೆಲ್ಲಿಗಿಂತ ಹೆಚ್ಚಿಗೆ ಕೊಟ್ಟ ದುಡ್ಡು ನೆನಪಾಗಲ್ಲ. ಹಲಗೆ ಮುಚ್ಚಿಗೆಯಿದ್ದರೆ ಕೊರೆದು ಕೂರಿಸುವುದು ಬೇಡ, ಸರ್ಫೇಸ್ ಮಾದರಿಯನ್ನೇ ತನ್ನಿ. ಕಪ್ಪು ಮರ ಬೆಳಕು ನುಂಗುತ್ತೆ, ಹಾಗಾಗಿ ನಡುವೆ ದೊಡ್ಡದೊಂದು ಹಾಕುವ ಬದಲು ಸುಣ್ಣದ ಗೋಡೆಗೆ ಹತ್ತಿರವಾಗಿ ಸಣ್ಣವೆರಡು ಹಾಕಿ.

ಉಳಿದ ಕಡೆ ಇದು ಯಾಕೆ? ಅಡುಗೆಮನೆಗೆ ಎರಡಡಿಯ 10 ವ್ಯಾಟ್ ಬ್ಯಾಟನ್ (ಕೋಲಿನಂಥ ಉದ್ದ ಲೈಟು) ಸಾಕು, 4000 ಕೆಲ್ವಿನ್. ಅದನ್ನು ಕಪಾಟಿನ ಅಡಿಯಲ್ಲಿ ಮುಂದಿನ ಅಂಚಿಗೆ ಹಾಕಿಸಿ, ತಲೆಯ ನೆರಳು ಕಟ್ಟೆ ಮೇಲೆ ಬೀಳಲ್ಲ. ಹಂಡೆ ಒಲೆಯ ಬಚ್ಚಲಿಗೆ ನೀರು, ದೂಳು ಒಳಹೋಗದ ಹಾಗೆ ಮುಚ್ಚಿದ ಲೈಟು, ಅಂದರೆ ಐಪಿ65 ಬಲ್ಕ್‌ಹೆಡ್. ಪ್ಯಾನೆಲ್ ಹಾಕಿದರೆ ಹಬೆ, ಹೊಗೆ ಎರಡೂ ಒಳಗೆ ಹೋಗಿ ಬೆಳಕು ಹರಡುವ ಬಿಳಿ ಹಾಳೆ (ಡಿಫ್ಯೂಸರ್) ಕಂದಾಗುತ್ತೆ. ಜಗಲಿಗೆ 2700 ಕೆಲ್ವಿನ್‌ನ 5 ವ್ಯಾಟ್ ಬಲ್ಬು, ಅಂಗಳದ ಆಚೆ ತುದಿಗೆ ಒಂದು ಬಿಳಿ ಬಲ್ಬು. ಮೊದಲ ಮಳೆಯ ರೆಕ್ಕೆಹುಳುಗಳು ಹೆಚ್ಚಾಗಿ ಬಿಳಿಯ ಕಡೆಗೇ ಹೋಗುತ್ತವೆ, ಹಲ್ಲಿಗಳೂ ಹಿಂದೆಯೇ.

ಒಂದು ಕೆಲಸಕ್ಕೆ ಮಾತ್ರ ಈ ಪ್ಯಾನೆಲ್ ನಂಬಬೇಡಿ: ಅಡಿಕೆ ಆರಿಸೋದು. ಬೆಳಕು ಬಣ್ಣಗಳನ್ನು ಎಷ್ಟು ಇದ್ದ ಹಾಗೇ ತೋರಿಸುತ್ತೆ ಅನ್ನೋದಕ್ಕೆ ನೂರಕ್ಕಿಷ್ಟು ಅಂತ ಕೊಡುವ ಅಂಕ ಸಿಆರ್‌ಐ. 80 ಸಿಆರ್‌ಐ ಬೆಳಕಿನಲ್ಲಿ ಕೆಂಪು ಮಂಕಾಗುತ್ತೆ, ರಾಶಿ ಯಾವುದು ಗೊರಬಲು ಯಾವುದು (ಎರಡೂ ಕೆಂಪಡಿಕೆಯ ದರ್ಜೆಗಳು) ಅಂತ ಬಣ್ಣ ನೋಡಿ ಹೇಳೋದು ಕಷ್ಟ. 90 ಸಿಆರ್‌ಐ ಇರುವ 4000 ಕೆಲ್ವಿನ್ ಬ್ಯಾಟನ್ ಕೇಳಿ ತನ್ನಿ. ಅಂಗಡಿಯವರು ಎಲ್ಲ ಒಂದೇ ಅಂದರೆ, ಒಂದು ಹಿಡಿ ಅಡಿಕೆ ಒಯ್ದು ಎರಡರ ಕೆಳಗೂ ಹಿಡಿದು ನೋಡಿ.