ಕತಗಾಲ ದಾಟಿದರೆ ಮುನಿಯುತ್ತಿದ್ದ ನನ್ನ ಯೆಜ್ಡಿ

ನನ್ನ ಯೆಜ್ಡಿ ಬೈಕು ಕುಮಟಾದಲ್ಲಿ ಒಂದೇ ಒದೆತಕ್ಕೆ ಚಾಲೂ ಆಗುತ್ತಿತ್ತು. ಕತಗಾಲದವರೆಗೆ ದೂರು ಹೇಳುವಂತಿರಲಿಲ್ಲ. ದೇವಿಮನೆ ಘಟ್ಟದ ನಾಲ್ಕೈದು ತಿರುವು ಹತ್ತುವಷ್ಟರಲ್ಲಿ ಒಂದು ಬಿಕ್ಕಳಿಕೆ, ಹಿಂದೆಯೇ ಇನ್ನೆರಡು. ಆಮೇಲೆ ಸೈಲೆನ್ಸರಿನಲ್ಲಿ ಗರ್ನಾಲು ಹೊಡೆದಂಥ ಸದ್ದು, ಅದರ ಬೆನ್ನಿಗೆ ಜೀರುಂಡೆಗಳ ಸದ್ದು ಮಾತ್ರ. ಗಾಡಿಯನ್ನು ಬದಿಗೆ ತಳ್ಳಿ, ಒಂದು ಕವಳ (ಎಲೆಯಡಿಕೆ) ಹಾಕಿ, ಅದನ್ನು ಉಗಿಯುವ ಹೊತ್ತಿಗೆ ಎಂಜಿನ್ ತಣಿದಿರುತ್ತಿತ್ತು. ಮತ್ತೆ ಒಂದೇ ಒದೆತ, ಮತ್ತೆ ಚಾಲೂ. ಎರಡು ಮಳೆಗಾಲ, ಒಂದು ಬೇಸಿಗೆ ಹೀಗೆಯೇ ಕಳೆಯಿತು. ಅಷ್ಟು ದಿನದಲ್ಲಿ ನಾನು ತಿಂದ ಕವಳದ ಲೆಕ್ಕ ಹೆಂಡತಿಗೆ ಗೊತ್ತಿಲ್ಲ.

ಗಾಡಿ 1987ರ ಯೆಜ್ಡಿ ಕ್ಲಾಸಿಕ್. 250 ಸಿಸಿಯ ಎರಡು ಸ್ಟ್ರೋಕಿನ ಎಂಜಿನ್, ಎರಡು ಸೈಲೆನ್ಸರ್, ಕಿಕ್ಕಿಗೂ ಗೇರಿಗೂ ಒಂದೇ ಲಿವರ್. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಈ ಗಾಡಿ ಇನ್ನೂ ಹಾಕಿಲ್ಲ. 2016ರಲ್ಲಿ ಗೋಕರ್ಣದ ಕಡೆಯ ಪುರೋಹಿತರೊಬ್ಬರಿಂದ ಕೊಂಡೆ. ಶಿರಸಿ ಸಮೀಪದ ನಮ್ಮ ಮನೆಯಿಂದ ಕುಮಟಾ ಸುಮಾರು 60 ಕಿಲೋಮೀಟರ್. ಕೆಲಸದ ನಿಮಿತ್ತ ವಾರಕ್ಕೆ ಎರಡು ಸಲವಾದರೂ ಇಳಿದು ಹತ್ತುತ್ತೇನೆ. ಸ್ಪೀಡೋಮೀಟರಿನ ಕೇಬಲ್ ಹಲವು ಸಲ ತುಂಡಾಗಿರುವುದರಿಂದ ಎಷ್ಟು ಓಡಿದೆ ಎಂದು ಆಣೆ ಮಾಡಿ ಹೇಳಲಾರೆ. 40,000 ಕಿಲೋಮೀಟರಿಗೆ ಕಡಿಮೆಯಂತೂ ಇಲ್ಲ.

ಮೊದಲ ಮೆಕ್ಯಾನಿಕ್ ಕಾರ್ಬುರೇಟರ್ ಬಿಚ್ಚಿ ತೊಳೆದ. ಎರಡನೆಯವನೂ ಕಾರ್ಬುರೇಟರನ್ನೇ ತೊಳೆದ. ಮೂರನೆಯವನು ಅದನ್ನು ಬಿಚ್ಚುವ ಮೊದಲೇ ನಾನು ತಡೆದೆ. ಅಷ್ಟು ಸ್ನಾನ ನಮ್ಮ ಮನೆಯ ದೇವರಿಗೂ ಆಗಿರಲಿಲ್ಲ. ಅವರನ್ನು ದೂರಿ ಪ್ರಯೋಜನವಿಲ್ಲ. ಘಟ್ಟದಲ್ಲಿ ನಿಂತ ಗಾಡಿ ಗ್ಯಾರೇಜಿಗೆ ಬರುವಾಗ ತಣ್ಣಗಾಗಿ ಸಾಧುವಾಗಿರುತ್ತದೆ. ಅಲ್ಲಿ ಪ್ಲಗ್ಗಿನ ಕಿಡಿಯೂ ಸರಿ, ಪೆಟ್ರೋಲ್ ಇಳಿಯುವುದೂ ಸರಿ. ಡಾಕ್ಟರ ಎದುರು ಕುಳಿತಾಗ ಮಾತ್ರ ಜ್ವರ ಬಿಡುವ ರೋಗಿಯಂತೆ. ಬಿಸಿಯಲ್ಲಿ ಬರುವ ತೊಂದರೆಯನ್ನು ಬಿಸಿಯಲ್ಲೇ, ಅದು ಬಂದ ಜಾಗದಲ್ಲೇ ಹುಡುಕಬೇಕು ಎಂಬುದು ನನ್ನ ತಲೆಗೆ ಹೋಗಲು ಒಂದು ವರ್ಷ ಹಿಡಿಯಿತು.

ಆಮೇಲೆ ಸೀಟಿನ ಪಕ್ಕದ ಚೀಲದಲ್ಲಿ ಪಾನಾ, ಸಂದಿ ಅಳೆಯುವ ಫೀಲರ್ ಗೇಜ್, ಹೊಸ ಪ್ಲಗ್, ಒಂದು ಖಾಲಿ ಬಾಟಲಿ ಇಟ್ಟುಕೊಂಡೇ ಹೊರಡತೊಡಗಿದೆ. ಮೊದಲು ನೋಡಿದ್ದು ಟ್ಯಾಂಕಿನ ಮುಚ್ಚಳ. ಅದರಲ್ಲಿ ಗಾಳಿ ಹೋಗಲು ಸಣ್ಣ ರಂಧ್ರವಿರುತ್ತದೆ. ಅದು ಮುಚ್ಚಿದರೆ ಪೆಟ್ರೋಲ್ ಇಳಿದಂತೆಲ್ಲ ಟ್ಯಾಂಕಿನೊಳಗೆ ನಿರ್ವಾತ ಉಂಟಾಗಿ ಇಳಿಯುವುದೇ ನಿಲ್ಲುತ್ತದೆ, ಲಕ್ಷಣ ಥೇಟ್ ಬಿಸಿಯ ತೊಂದರೆಯಂತೆಯೇ ಕಾಣುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯ ಇಂಥ ತೂತುಗಳಿಗೆ ಕಣಜ ಮಣ್ಣು ಮೆತ್ತುವುದೂ ಉಂಟು. ಗುರುತು ಸುಲಭ: ಮುಚ್ಚಳ ತೆಗೆದಾಗ ಸುಸ್ ಎಂದು ಗಾಳಿ ಎಳೆದುಕೊಂಡು, ಕಾಯುವ ಅಗತ್ಯವೇ ಇಲ್ಲದೆ ಗಾಡಿ ಚಾಲೂ ಆದರೆ ಅದೇ ಕಾರಣ. ನನ್ನದು ಸುಸ್ ಎನ್ನಲಿಲ್ಲ. ಪೈಪ್ ಕಿತ್ತು ಬಾಟಲಿಗೆ ಬಿಟ್ಟು ನೋಡಿದೆ, ಪೆಟ್ರೋಲ್ ಧಾರಾಳವಾಗಿ ಬಂತು.

ಇನ್ನೊಮ್ಮೆ ನಿಂತಾಗ ಪ್ಲಗ್ ಬದಲಿಸಿದೆ. ತಕ್ಷಣ ಚಾಲೂ! ಎರಡು ವಾರ ಪ್ಲಗ್ಗನ್ನೇ ಕಳ್ಳನೆಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಮೂರನೆಯ ವಾರ ಹೊಸ ಪ್ಲಗ್ ಹಾಕಿಕೊಂಡೇ ಅದೇ ತಿರುವಿನಲ್ಲಿ ನಿಂತೆ. ಪ್ಲಗ್ ಬಿಚ್ಚಿ, ಒರೆಸಿ, ಗ್ಯಾಪ್ ನೋಡಿ, ಮತ್ತೆ ಕೂಡಿಸಲು ಹಿಡಿದ ಕಾಲು ಗಂಟೆಯೇ ಔಷಧವಾಗಿತ್ತು. ಹೊಸ ಬಿಡಿಭಾಗ ಹಾಕಿದೊಡನೆ ಸರಿಯಾಯಿತು ಎನ್ನುವವರ ಮಾತು ಕೇಳಿದಾಗಲೆಲ್ಲ ಈಗ ನನಗೆ ಈ ಕಾಲು ಗಂಟೆ ನೆನಪಾಗುತ್ತದೆ.

ಕಳ್ಳ ಸಿಕ್ಕಿದ್ದು ಒಂದು ಸಂಜೆ, ಕತ್ತಲಿನ ಕೃಪೆಯಿಂದ. ಹಿಂದೆ ಅಕ್ಕನ ಮಗ ಕುಳಿತಿದ್ದ. ಗಾಡಿ ನಿಂತೊಡನೆ, ತಣಿಯಲು ಬಿಡದೆ, ಬಲಬದಿಯ ಮುಚ್ಚಳ ತೆಗೆದು ಅವನಿಗೆ ಕಿಕ್ ಹೊಡೆಯಲು ಹೇಳಿ ಪಾಯಿಂಟಿನ (ಕಾಯಿಲಿನ ವಿದ್ಯುತ್ತನ್ನು ಕೂಡಿಸಿ ಕಡಿಯುವ ಸಣ್ಣ ಸ್ವಿಚ್ಚಿನ) ಕಡೆ ಕಣ್ಣಿಟ್ಟೆ. ಪಾಯಿಂಟ್ ತೆರೆದಾಗಲೆಲ್ಲ ಅಲ್ಲೇ ಸುರುಸುರು ಬತ್ತಿ ಹಚ್ಚಿದಂತೆ ಬೆಳ್ಳಗೆ ಕಿಡಿ ಹಾರುತ್ತಿತ್ತು. ಸರಿಯಿರುವ ಗಾಡಿಯಲ್ಲಿ ಅಲ್ಲಿ ಕಂಡೂ ಕಾಣದಷ್ಟು ಸಣ್ಣ ಕಿಡಿ ಇರಬೇಕು. ಪ್ಲಗ್ಗಿನಲ್ಲಿ ಹಾರಬೇಕಾದ ಬೆಂಕಿ ಪಾಯಿಂಟಿನಲ್ಲೇ ಸುಟ್ಟು ಹೋಗುತ್ತಿತ್ತು. ಅಂದರೆ ಕಳ್ಳ ಕಂಡೆನ್ಸರ್ ಎಂಬ ಬಿಡಿಭಾಗ.

ಪಾಯಿಂಟ್ ತೆರೆದ ಕ್ಷಣದಲ್ಲಿ, ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲಿನ ಮೊದಲ ಸುರುಳಿಯ ವಿದ್ಯುತ್ತು ಥಟ್ಟನೆ ಕಡಿದುಹೋದರೆ ಮಾತ್ರ ಎರಡನೆಯ ಸುರುಳಿಯಲ್ಲಿ ಸಾವಿರಾರು ವೋಲ್ಟು ಏಳುತ್ತದೆ. ಹರಿಯುತ್ತಿದ್ದ ವಿದ್ಯುತ್ತು ಪಾಯಿಂಟಿನ ಸಂದಿಯನ್ನು ಹಾರದಂತೆ ತನ್ನೊಳಗೆ ಎಳೆದುಕೊಳ್ಳುವುದು ಕಂಡೆನ್ಸರಿನ ಕೆಲಸ. ಹೆಬ್ಬೆರಳಿನ ಗಾತ್ರದ ಡಬ್ಬಿ, ಒಳಗೆ ಲೋಹದ ಹಾಳೆ, ನಡುವೆ ತೆಳುವಾದ ನಿರೋಧಕ ಪದರ. ಯೆಜ್ಡಿಯಲ್ಲಿ ಅದು ಪಾಯಿಂಟಿನ ಪಕ್ಕದಲ್ಲೇ, ಎಂಜಿನ್ನಿನ ಕಾವಿನಲ್ಲೇ ಕುಳಿತಿರುತ್ತದೆ. ಹಳೆಯ ಪದರ ಬಿಸಿಗೆ ಸೋರತೊಡಗುತ್ತದೆ, ತಣಿದರೆ ಮತ್ತೆ ಹಿಡಿದುಕೊಳ್ಳುತ್ತದೆ. ನನ್ನ ಕವಳದ ರಹಸ್ಯ ಇಷ್ಟೇ.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಹುಬ್ಬಳ್ಳಿಯಿಂದ ಹೊಸ ಕಂಡೆನ್ಸರ್ ತರಿಸಿದೆ. ಬಂಗಾರದ ಬಣ್ಣದ ಪೊಟ್ಟಣ, ಮೇಲೆ ಅಸಲಿ ಎಂಬ ಮುದ್ರೆ. ಮೂರು ವಾರ ಬಂತು. ಎರಡನೆಯದು ಎರಡು ತಿಂಗಳು. ಮೂರನೆಯದು ಪೊಟ್ಟಣದಿಂದ ಹೊರಬರುವಾಗಲೇ ಶವವಾಗಿತ್ತು. ಮೂಲದ ಕಂಡೆನ್ಸರ್ ಮೂವತ್ತು ವರ್ಷ ಬಾಳಿದ್ದನ್ನು ನೆನೆದರೆ, ಗಾಡಿಯನ್ನು ಬೈಯುವುದೋ ಈ ನಕಲಿ ಸಾಮಾನನ್ನು ಬೈಯುವುದೋ ನೀವೇ ಹೇಳಿ.

2018ರಲ್ಲಿ ಮಾಡಿದ ಉಪಾಯ ಇವತ್ತಿಗೂ ನಡೆಯುತ್ತಿದೆ. ಪಾಯಿಂಟ್ ಇರುವ ಹಳೆಯ ಕಾರುಗಳಿಗೆ ಬರುವ, 0.2ರಿಂದ 0.25 ಮೈಕ್ರೋಫ್ಯಾರಡ್‌ನ ಕಂಡೆನ್ಸರ್ ತಂದು, ಎಂಜಿನ್ನಿನಿಂದ ದೂರ, ಕಾಯಿಲಿನ ಪಕ್ಕದಲ್ಲಿ ಕೂಡಿಸಿದೆ. ಕಾಯಿಲಿನಿಂದ ಪಾಯಿಂಟಿಗೆ ಹೋಗುವ ತಂತಿ ಕಾಯಿಲಿಗೆ ಸೇರುವಲ್ಲಿಯೇ ಇದರ ತಂತಿಯನ್ನೂ ಕೂಡಿಸಬೇಕು, ಡಬ್ಬಿ ಫ್ರೇಮಿನ ಲೋಹಕ್ಕೆ ತಾಗಬೇಕು. ತಾಗುವಲ್ಲಿ ಬಣ್ಣ ಕೆರೆಯುವುದನ್ನು ಮರೆಯಬೇಡಿ. ಒಳಗಿನ ಹಳೆಯದನ್ನು ಕಿತ್ತು ಬಿಡಿ, ಇಲ್ಲವಾದರೆ ಅದು ಅಲ್ಲಿಂದಲೇ ಸೋರುತ್ತದೆ. ಸುಟ್ಟು ಗುಳಿಬಿದ್ದ ಪಾಯಿಂಟನ್ನು ಸಮ ಮಾಡಿ 0.4 ಮಿಲಿಮೀಟರ್ ಗ್ಯಾಪ್ ಇಟ್ಟೆ. ಅಂದಿನಿಂದ ಒಮ್ಮೆ ಮಾತ್ರ ಕಂಡೆನ್ಸರ್ ಬದಲಿಸಿದ್ದೇನೆ. ಕುಮಟಾದ ಉಪ್ಪುಗಾಳಿಗೆ ಡಬ್ಬಿ ಫ್ರೇಮಿಗೆ ತಾಗುವ ಅರ್ಥಿಂಗಿನ ಜಾಗ ತುಕ್ಕು ಹಿಡಿಯುತ್ತದೆ, ವರ್ಷಕ್ಕೊಮ್ಮೆ ಮರಳು ಕಾಗದ ಆಡಿಸಿದರೆ ಸಾಕು.

ಒಂದು ಸಲ ಮಾತ್ರ ಹಳೆಯ ಭೂತ ಮತ್ತೆ ಬಂತು. ದೊಡ್ಡಮನೆ ಘಟ್ಟದ ಮೇಲೆ ಸಿದ್ದಾಪುರಕ್ಕೆ ಹೊರಟಿದ್ದೆ. ಅದೇ ಬಿಕ್ಕಳಿಕೆ, ಆದರೆ ಪಾಯಿಂಟಿನಲ್ಲಿ ಸುರುಸುರು ಬತ್ತಿ ಇಲ್ಲ. ವಿದ್ಯುತ್ ಅಳೆಯುವ ಮೀಟರ್ ಹಚ್ಚಿದರೆ ಬಿಸಿ ಕಾಯಿಲಿನ ಎರಡನೆಯ ಸುರುಳಿ ತುಂಡಾದಂತೆ ತೋರಿಸಿತು, ತಣಿದಾಗ ಸರಿ. ಕಾಯಿಲ್ ಬದಲಿಸಿದೆ, ಮುಗಿಯಿತು.

ಈಗ ಯಾರ ಗಾಡಿ ನಿಂತರೂ ಎಥನಾಲಿನ ಕಡೆ ಬೆರಳು ತೋರಿಸುವುದು ರೂಢಿಯಾಗಿದೆ. ಶೇ. 20ರ ಎಥನಾಲ್ ಬೆರಕೆಗೆ ನನ್ನ ಹಳೆಯ ರಬ್ಬರ್ ಪೈಪ್ ಉಬ್ಬಿದ್ದು ನಿಜ, ಹೊಸದು ಹಾಕಿದ್ದೇನೆ. ಆದರೆ ನನ್ನ ಗಾಡಿ ಬಿಕ್ಕಳಿಸಿದ್ದು ಅದಕ್ಕಿಂತ ಎಷ್ಟೋ ವರ್ಷ ಮೊದಲು. ನಿಮ್ಮ ಎರಡು ಸ್ಟ್ರೋಕಿನ ಗಾಡಿ ಬಿಸಿಯಾದಾಗ ನಿಲ್ಲುವ ಬದಲು ತಾನೇ ಜೋರಾಗಿ ಓಡತೊಡಗಿ, ಪ್ಲಗ್ ಬಿಳಿಚಿಕೊಂಡರೆ ಎಂಜಿನ್ನಿನೊಳಗೆ ತಿರುಗುವ ದಂಡದ (ಕ್ರ್ಯಾಂಕಿನ) ಸೀಲ್ ಗಾಳಿ ಎಳೆಯುತ್ತಿರಬಹುದು. ಅದು ರಸ್ತೆ ಬದಿಯ ಕೆಲಸವಲ್ಲ.

ಉಳಿದಂತೆ ಗಾಡಿ ಹೇಗೆ? ಹತ್ತುವುದರಲ್ಲಿ ಗಟ್ಟಿ. ಇಳಿಯುವಾಗ ಎಂಜಿನ್ ಹಿಡಿತ ಕಡಿಮೆ, ಬ್ರೇಕನ್ನೇ ನಂಬಬೇಕು. ಎಣ್ಣೆ ಪೆಟ್ರೋಲಿನ ಜೊತೆಗೇ ಹೋಗುವುದರಿಂದ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಮೈಲುಗಟ್ಟಲೆ ಇಳಿಯಬಾರದು, ಆಗಾಗ ತುಸು ಕೊಡುತ್ತಿರಬೇಕು. ನಾನು ಲೀಟರಿಗೆ 40 ಮಿಲಿಲೀಟರ್ ಎಣ್ಣೆ ಬೆರೆಸುತ್ತೇನೆ. ಲೀಟರಿಗೆ ಇಪ್ಪತ್ತೇಳು, ಇಪ್ಪತ್ತೆಂಟು ಕಿಲೋಮೀಟರ್ ಕೊಡುತ್ತದೆ. ಆರು ವೋಲ್ಟಿನ ದೀಪ ಮಿಣುಕುಹುಳಕ್ಕೆ ಅಣ್ಣ, ಮಂಜು ಬಿದ್ದ ರಾತ್ರಿ ಘಟ್ಟಕ್ಕೆ ಇಳಿಯುವುದಿಲ್ಲ. ಪಾಯಿಂಟ್ ಕಿತ್ತೆಸೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸು ಎಂದವರು ಹಲವರು. ದಿನವೂ ಓಡಾಡುವವರಿಗೆ ಅದೇ ಸರಿ. ಕೆಟ್ಟರೆ ಉಗುರು ಉಜ್ಜುವ ಅರದಿಂದ ರಿಪೇರಿ ಮಾಡಿಕೊಳ್ಳಬಹುದಾದ ವಸ್ತು ನನಗೆ ಸಾಕು. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಬಿಡಿಭಾಗಗಳ ಪೇಟೆಗೆ.

ಎಲ್ಲ ಸರಿಯಾದ ಮೇಲೊಮ್ಮೆ ಗಾಡಿ ಕೊಟ್ಟ ಪುರೋಹಿತರು ಮದುವೆಮನೆಯೊಂದರಲ್ಲಿ ಸಿಕ್ಕಿದ್ದರು. ಇಷ್ಟು ವರ್ಷದಲ್ಲಿ ನಿಮಗೆ ಘಟ್ಟದಲ್ಲಿ ಒಮ್ಮೆಯೂ ಕೈ ಕೊಟ್ಟಿರಲಿಲ್ಲವೇ ಎಂದು ಕೇಳಿದೆ. ಅವರು ಎಲೆಗೆ ಸುಣ್ಣ ಸವರುತ್ತ ಹೇಳಿದರು: "ಘಟ್ಟವೇ? ಘಟ್ಟಕ್ಕೆ ನಾನು ಬಸ್ಸಿನಲ್ಲೇ ಹೋಗುತ್ತಿದ್ದುದು."