ಮೇರಿಯನ್ನಿನ ಸುಲ್ತಾನಾ ಮ್ಯೂಸಿಯಂ: ಒಂದು ಗೋಡೆಯ ತುಂಬ ಹಾಜರಿ

ಶರಾವತಿ ಹಿನ್ನೀರಿನ ಕಳಸವಳ್ಳಿ ದಡದಲ್ಲಿ ಲಾಂಚ್ ಹತ್ತಿಸುವಾಗ ಮಕ್ಕಳನ್ನು ಒಮ್ಮೆ ಎಣಿಸಬೇಕು, ಅಂಬಾರಗೋಡ್ಲು ದಡದಲ್ಲಿ ಇಳಿಸುವಾಗ ಮತ್ತೊಮ್ಮೆ. ತುಮರಿ ಸೀಮೆಯ ಶಾಲೆಗಳಲ್ಲಿ 29 ವರ್ಷ ಮಾಸ್ತರಿಕೆ ಮಾಡಿದ ನನಗೆ ಇದು ಸಂಧ್ಯಾವಂದನೆಯಷ್ಟೇ ನಿತ್ಯದ ಕೆಲಸವಾಗಿತ್ತು. ಆದ್ದರಿಂದ ಅಮೆರಿಕದಲ್ಲಿ ಎರಡೂವರೆ ತಿಂಗಳಿದ್ದು ನೋಡಿದ ಎಲ್ಲ ಜಾಗಗಳಲ್ಲಿ ಯಾವುದರ ಬಗ್ಗೆ ಬರೆಯಬೇಕು ಎಂದು ಯೋಚಿಸಿದಾಗ ಮೊದಲು ಕಣ್ಣಿಗೆ ಬಂದದ್ದು ಜಲಪಾತವಲ್ಲ, ಗಗನಚುಂಬಿ ಕಟ್ಟಡವಲ್ಲ. ಮೇರಿಯನ್ ಎಂಬ ಸಣ್ಣ ಊರಿನ ಸಣ್ಣ ಮ್ಯೂಸಿಯಂನ ಒಂದು ಗೋಡೆ. ಆ ಗೋಡೆಯ ತುಂಬ ಹೆಸರುಗಳಿವೆ.

ಮಗಳ ಮನೆ ಇರುವುದು ಮೆಂಫಿಸ್‌ನಲ್ಲಿ. 2024ರ ಮೇ ತಿಂಗಳಲ್ಲಿ ಅಲ್ಲಿದ್ದೆವು. ಮಿಸಿಸಿಪಿ ನದಿಯ ದೊಡ್ಡ ಸೇತುವೆ ದಾಟಿದರೆ ಆರ್ಕನ್ಸಾ ರಾಜ್ಯ. ಅಲ್ಲಿಂದ ಕಾರಿನಲ್ಲಿ ಸ್ವಲ್ಪ ದೂರ ಹೋದರೆ ಮೇರಿಯನ್. ನ್ಯಾಯಾಲಯದ ಕಟ್ಟಡದ ಆಸುಪಾಸಿನಲ್ಲೇ, ವಾಷಿಂಗ್ಟನ್ ಸ್ಟ್ರೀಟ್ ಎಂಬ ರಸ್ತೆಯಲ್ಲಿ ಆಗ ಈ ಮ್ಯೂಸಿಯಂ ಇತ್ತು. ಹೊರಗಿನಿಂದ ನೋಡಿದರೆ ಸಾಗರದ ಪೇಟೆಯ ಒಂದು ಅಂಗಡಿಯೇ ಸರಿ. 2015ರಲ್ಲಿ, ಸುಲ್ತಾನಾ ಹಡಗಿನ ದುರಂತ ನಡೆದು 150 ವರ್ಷ ತುಂಬಿದಾಗ, ಇದನ್ನು ತೆರೆದರಂತೆ. ಊರಿನ ಹಳೆಯ ಹೈಸ್ಕೂಲಿನ ವ್ಯಾಯಾಮಶಾಲೆಯ ಕಟ್ಟಡವನ್ನು ಇನ್ನೂ ದೊಡ್ಡ ಮ್ಯೂಸಿಯಂ ಆಗಿ ಸಿದ್ಧಪಡಿಸುವ ಕೆಲಸ ಆಗ ನಡೆದಿತ್ತು. ನಾನು ನೋಡಿದ್ದು ಚಿಕ್ಕದನ್ನು. ಇಲ್ಲಿ ಬರೆಯುತ್ತಿರುವುದೂ ಅದರ ಬಗ್ಗೆಯೇ.

ಸುಲ್ತಾನಾ ಒಂದು ಉಗಿಹಡಗಿನ ಹೆಸರು. 1863ರಲ್ಲಿ ಸಿನ್ಸಿನಾಟಿಯಲ್ಲಿ ಕಟ್ಟಿದ್ದು. ಉದ್ದ 260 ಅಡಿ. ಮರದ ಮೈ, ಎರಡು ಪಕ್ಕಕ್ಕೂ ದೊಡ್ಡ ಚಕ್ರ, ಮುಂದೆ ಎರಡು ಎತ್ತರದ ಹೊಗೆಗೊಳವೆ. ಪರವಾನಗಿ ಇದ್ದದ್ದು 376 ಜನರಿಗೆ. 1865ರ ಏಪ್ರಿಲ್ 27ರ ನಸುಕಿನಲ್ಲಿ, ಎರಡು ಗಂಟೆಯ ಸುಮಾರಿಗೆ, ಮೆಂಫಿಸ್‌ನಿಂದ ಏಳು ಮೈಲಿ ಮೇಲಕ್ಕೆ ಅದರ ಬಾಯ್ಲರ್‌ಗಳು ಸಿಡಿದಾಗ ಅದರ ಮೇಲೆ ಇದ್ದವರು 2,100ಕ್ಕೂ ಹೆಚ್ಚು. ಬಹುಪಾಲು ಸೈನಿಕರು. ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದವರಿಗೆ ಸೆರೆಸಿಕ್ಕು, ಆಂಡರ್ಸನ್‌ವಿಲ್ ಮತ್ತು ಕಹಾಬಾ ಎಂಬ ಸೆರೆಶಿಬಿರಗಳಲ್ಲಿ ಮೂಳೆ ಚರ್ಮವಾಗಿ, ಯುದ್ಧ ಮುಗಿಯಿತೆಂದು ಮನೆಗೆ ಹೊರಟಿದ್ದವರು. ಸಾವನ್ನು ದಾಟಿ ಬಂದವರು ಮನೆಯ ದಾರಿಯಲ್ಲಿ ಸತ್ತರು. ಇದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಮ್ಯೂಸಿಯಂನ ನಡುವೆ ಆ ಹಡಗಿನ 14 ಅಡಿ ಉದ್ದದ ಮಾದರಿ ಇದೆ. ನಾನು ಹೆಚ್ಚು ಹೊತ್ತು ಕಳೆದದ್ದು ಇದರ ಎದುರು. ಬಗ್ಗಿ ನೋಡಿದರೆ ಪುಟ್ಟ ಪುಟ್ಟ ಕಟಕಟೆ, ಮೆಟ್ಟಿಲು, ಕೋಣೆಗಳ ಬಾಗಿಲು, ಎಲ್ಲಕ್ಕೂ ಮೇಲೆ ಚುಕ್ಕಾಣಿಯವನ ಗಾಜಿನ ಗೂಡು. ಅಂತಸ್ತಿನ ಮೇಲೆ ಅಂತಸ್ತು, ಎಲ್ಲವೂ ತೆಳು ಮರದ ಕಂಬಗಳ ಮೇಲೆ. ಅಷ್ಟು ಜನ ಹತ್ತಿದಾಗ ಮೇಲಿನ ಅಂತಸ್ತು ಬಾಗಿ, ಅಡಿಯಲ್ಲಿ ಹೆಚ್ಚುವರಿ ಕಂಬಗಳನ್ನು ಕೊಡಬೇಕಾಯಿತು ಎಂದು ಓದಿದ್ದೆ. ಮಾದರಿಯ ಎದುರು ನಿಂತಾಗ ಅದು ನಿಜವಾಗಿ ಅರ್ಥವಾಯಿತು. ಅಟ್ಟದ ತೊಲೆ ಬಾಗಿತೆಂದು ಊರೆಗೋಲು ಕೊಟ್ಟು, ಅದೇ ಅಟ್ಟದ ಮೇಲೆ ಇನ್ನಷ್ಟು ಅಡಿಕೆ ಮೂಟೆ ಪೇರಿಸಿದ ಹಾಗೆ.

ಅಷ್ಟು ಜನ ಹತ್ತಿದ್ದು ಹೇಗೆ ಎನ್ನುವುದೇ ಇಲ್ಲಿಯ ಮುಖ್ಯ ಕಥೆ. ವಿಕ್ಸ್‌ಬರ್ಗ್ ಎಂಬ ಊರಿನ ಹತ್ತಿರದ ಶಿಬಿರದಲ್ಲಿ ಸೈನಿಕರು ಕಾಯುತ್ತಿದ್ದರು. ಸರ್ಕಾರ ತಲೆಗಿಷ್ಟು ಎಂದು ಹಡಗಿನವರಿಗೆ ಬಾಡಿಗೆ ಕೊಡುತ್ತಿತ್ತು. ಸುಲ್ತಾನಾದ ಕ್ಯಾಪ್ಟನ್ ಮೇಸನ್ ಹಡಗಿನಲ್ಲಿ ಪಾಲುದಾರನೂ ಹೌದು. ಹೆಸರಿನ ಪಟ್ಟಿಗಳು ಸಿದ್ಧವಾಗಿರಲಿಲ್ಲ. ಹತ್ತುವಾಗಲೇ ಬರೆದುಕೊಂಡರಾಯಿತು ಎಂದರು. ಅದೇ ದಡಕ್ಕೆ ಬಂದಿದ್ದ ಬೇರೆ ಹಡಗುಗಳು ಖಾಲಿ ಹೋದವು. ಪಾಲಿನ್ ಕ್ಯಾರಲ್ ಎಂಬ ಹಡಗು ಬೆರಳೆಣಿಕೆಯ ಪ್ರಯಾಣಿಕರೊಂದಿಗೆ ಹೊರಟಿತು. ಇಲ್ಲಿ ಮಾತ್ರ ಒಬ್ಬರ ಮೈಗೊಬ್ಬರು ಒತ್ತಿಕೊಂಡು ಕೂರಲೂ ಜಾಗವಿಲ್ಲದಷ್ಟು ಜನ. ಒಬ್ಬ ಅಧಿಕಾರಿಯೂ ಕೊನೆಯಲ್ಲಿ ದಡದಲ್ಲಿ ನಿಂತು ಒಟ್ಟು ಎಷ್ಟಾಯಿತು, ಈ ಹಡಗು ಎಷ್ಟು ಹೊರುತ್ತದೆ ಎಂದು ಕೂಡಿಸಿ ನೋಡಿ ಕೈ ಅಡ್ಡ ಹಿಡಿಯಲಿಲ್ಲ. ಹಾಜರಿ ಕರೆಯುವ ಕೆಲಸ ಮಾಡಿದ ನನ್ನಂಥವನಿಗೆ ಇದನ್ನು ಕ್ಷಮಿಸುವುದು ಸಾಧ್ಯವಿಲ್ಲ.

ಜನರಷ್ಟೇ ಅಲ್ಲ, ಬಾಯ್ಲರ್ ಕೂಡ. ನಾಲ್ಕು ಬಾಯ್ಲರ್‌ಗಳಲ್ಲಿ ಒಂದು ಸೋರುತ್ತಿತ್ತು, ಅದರ ತಗಡು ಉಬ್ಬಿತ್ತು. ವಿಕ್ಸ್‌ಬರ್ಗ್‌ನಲ್ಲಿ ಕರೆಸಿದ ರಿಪೇರಿಯವನು ತಗಡುಗಳನ್ನೇ ಬದಲಿಸಬೇಕು, ದಿನಗಳು ಬೇಕು ಎಂದ. ಅಷ್ಟು ದಿನ ಕಾದರೆ ಸೈನಿಕರು ಬೇರೆ ಹಡಗಿನ ಪಾಲಾಗುತ್ತಾರೆ. ಕಡೆಗೆ ಮೂಲ ತಗಡಿಗಿಂತ ತೆಳುವಾದ ಒಂದು ತೇಪೆ ಹಾಕಿಸಿದರು. ನಮ್ಮ ಆಲೆಮನೆಗಳಲ್ಲಿ ಕೊಪ್ಪರಿಗೆಗೆ ತೇಪೆ ಹಾಕಿಸಿದವರಿಗೆ ಗೊತ್ತು: ಹೊಸ ತೇಪೆ ಹಿಡಿದುಕೊಂಡಿದ್ದರೂ ಅದರ ಪಕ್ಕದ ಹಳೆಯ ಲೋಹವೇ ಬಾಯಿ ಬಿಡಬಹುದು. ಸಿಡಿತಕ್ಕೆ ಆ ತೇಪೆಯೊಂದೇ ಕಾರಣ ಎಂದು ಹೇಳಿ ಮುಗಿಸುವಂತಿಲ್ಲ. ಕೆಸರು ತುಂಬಿದ ನದಿಯ ನೀರು ಬಾಯ್ಲರಿನ ಒಳಗಿನ ಕೊಳವೆಗಳ ನಡುವೆ ಹೂಳು ಕೂರಿಸುತ್ತಿತ್ತು. ಕಾದು ತಣಿದು ಪೆಡಸಾಗುವ ಜಾತಿಯ ಕಬ್ಬಿಣ. ಮೇಲ್ಭಾರದಿಂದ ಹಡಗು ಅತ್ತಿತ್ತ ವಾಲಿದಾಗ ಒಂದು ಬಾಯ್ಲರಿನ ನೀರು ಇನ್ನೊಂದಕ್ಕೆ ಹರಿದು, ಖಾಲಿಯಾದ ಕಡೆ ಲೋಹ ಕೆಂಪಗೆ ಕಾಯುವುದು. ಇವೆಲ್ಲ ಸೇರಿದವು.

ವಾಲುವುದು ಎಂದರೇನು ಎಂದು ಒಂದು ಫೋಟೋ ತೋರಿಸುತ್ತದೆ. ಸಿಡಿಯುವ ಹಿಂದಿನ ದಿನ, ಏಪ್ರಿಲ್ 26ರಂದು, ಹೆಲೆನಾ ಎಂಬ ಊರಿನ ದಡದಲ್ಲಿ ಬ್ಯಾಂಕ್ಸ್ ಎಂಬ ಛಾಯಾಗ್ರಾಹಕ ತೆಗೆದದ್ದು. ಕಟಕಟೆಯಿಂದ ಕಟಕಟೆಗೆ ತಲೆಗಳು. ಹಡಗೇ ಕಾಣುವುದಿಲ್ಲ, ಜನರೇ ಹಡಗಿನ ಆಕಾರದಲ್ಲಿ ನಿಂತಂತಿದೆ. ಕ್ಯಾಮೆರಾ ಕಂಡು ಎಲ್ಲರೂ ಒಂದೇ ಪಕ್ಕಕ್ಕೆ ನುಗ್ಗಿದ್ದರಿಂದ ಹಡಗು ಮಗುಚುವುದರಲ್ಲಿತ್ತು. ಫೋಟೋದ ಎದುರು ನಿಂತಾಗ ನನ್ನ ಕಿವಿಯಲ್ಲಿ ನಮ್ಮ ಲಾಂಚಿನವನ ಕೂಗು ಕೇಳಿಸಿತು. ಸಿಗಂದೂರಿಗೆ ಬರುವ ಭಕ್ತರು ಹಿನ್ನೀರಿನ ನಡುವೆ ಸೂರ್ಯ ಮುಳುಗುವುದನ್ನು ಮೊಬೈಲ್‌ನಲ್ಲಿ ಹಿಡಿಯಲು ಒಂದೇ ಅಂಚಿಗೆ ಸರಿಯುವರು. ಕಾಲ ಕೆಳಗಿನ ಕಬ್ಬಿಣದ ಹಲಗೆ ತುಸುವೇ ಓರೆಯಾಗುವುದು, ನಿಲ್ಲಿಸಿದ ಜೀಪಿನ ಬಾಗಿಲು ತಾನಾಗಿ ತೆರೆದುಕೊಳ್ಳುವುದು. ಆಗ ಆತ "ಮಧ್ಯಕ್ಕೆ ಬನ್ನಿ, ಮಧ್ಯಕ್ಕೆ ಬನ್ನಿ" ಎಂದು ಗಂಟಲು ಹರಿಯುವಂತೆ ಕೂಗುವನು. ದಿನಕ್ಕೆ ಎಷ್ಟು ಸಲ ಕೂಗಿದನೋ! ಆ ಕೂಗಿಗೆ ನಾವು ಯಾರೂ ಒಮ್ಮೆಯೂ ಕೃತಜ್ಞತೆ ಹೇಳಲಿಲ್ಲ.

ಆ ರಾತ್ರಿಯ ಬಗ್ಗೆ ಹೆಚ್ಚು ಬರೆಯಲು ಕೈ ಬರುವುದಿಲ್ಲ. ಹಿಮ ಕರಗಿದ ನೀರಿನಿಂದ ಮಿಸಿಸಿಪಿ ದಡ ಮೀರಿ ಮೈಲಿಗಟ್ಟಲೆ ಹರಡಿತ್ತು, ಕೊರೆಯುವ ಚಳಿ. ಸಿಡಿತದಲ್ಲಿ ಸತ್ತವರು, ಕುಸಿದ ಹೊಗೆಗೊಳವೆಯ ಅಡಿ ಸಿಕ್ಕವರು, ಬೆಂಕಿಗೆ ಆಹುತಿಯಾದವರು, ನೀರಿನಲ್ಲಿ ಮರಗಟ್ಟಿದವರು. ನೆರೆಯಲ್ಲಿ ಅರ್ಧ ಮುಳುಗಿದ ಮರಗಳ ಕೊಂಬೆ ಹಿಡಿದು ಬೆಳಗಿನವರೆಗೆ ನೇತಾಡಿದವರೂ ಇದ್ದರು. ಒಬ್ಬ ಸೈನಿಕ, ಹಡಗಿನವರು ಮರದ ಪೆಟ್ಟಿಗೆಯಲ್ಲಿ ಸಾಕಿಕೊಂಡಿದ್ದ ಮೊಸಳೆಯನ್ನು ಬಂದೂಕಿನ ಈಟಿಯಿಂದ ಕೊಂದು, ಆ ಪೆಟ್ಟಿಗೆಯನ್ನೇ ತೆಪ್ಪ ಮಾಡಿಕೊಂಡು ಪಾರಾದ. ನನ್ನ ಮೊಮ್ಮಗನಿಗೆ ಇಡೀ ಮ್ಯೂಸಿಯಂನಲ್ಲಿ ನೆನಪಿರುವುದು ಈ ಒಂದೇ ಕಥೆ. ನನ್ನ ಮನಸ್ಸು ಹಿಡಿದದ್ದು ಬೇರೆ: ಆರ್ಕನ್ಸಾ ದಡದವರು ಕೆಲವೇ ವಾರಗಳ ಹಿಂದೆ ಈ ಸೈನಿಕರ ಶತ್ರುಗಳು. ಫೋಗಲ್‌ಮನ್ ಎಂಬ ಮನೆತನದವರು ಮರದ ದಿಮ್ಮಿಗಳನ್ನು ಕಟ್ಟಿ ತೆಪ್ಪ ಮಾಡಿ, ಉರಿಯುತ್ತಿದ್ದ ಹಡಗಿನ ಬಳಿ ಹೋಗಿ ಅವರನ್ನು ಇಳಿಸಿಕೊಂಡು ಬಂದರು. ಆ ಮನೆತನ ಇಂದಿಗೂ ಮೇರಿಯನ್ನಿನಲ್ಲಿದೆ. ಈ ಊರು ಈ ಹಡಗಿನ ನೆನಪನ್ನು ತನ್ನದೆಂದು ಹೊತ್ತುಕೊಂಡಿರುವುದಕ್ಕೆ ಅದೂ ಒಂದು ಕಾರಣವಿರಬೇಕು.

ಹಡಗಿನ ಭಾಗಗಳೆಂದು ಇಲ್ಲಿರುವುದು ಕೆಲವೇ: ಕುಲುಮೆಯ ಕಬ್ಬಿಣದ ಜಾಲರಿ ತಟ್ಟೆಗಳು, ಇಟ್ಟಿಗೆಗಳು, ಮರದ ಚೂರು, ಸಣ್ಣಪುಟ್ಟ ಲೋಹದ ತುಂಡುಗಳು. ಬದುಕಿ ಉಳಿದವರು ಕಟ್ಟಿಕೊಂಡಿದ್ದ ಸಂಘದ ವಸ್ತುಗಳೂ ಇವೆ. ವರ್ಷವರ್ಷವೂ ಏಪ್ರಿಲ್‌ನಲ್ಲಿ ಸೇರುತ್ತಿದ್ದ ಮುದುಕರು ಅವರು. ಅವರಲ್ಲಿ ಕೊನೆಯವನು ತೀರಿಕೊಂಡದ್ದು 1941ರಲ್ಲಿ. ದೊಡ್ಡ ದೊಡ್ಡ ವಸ್ತುಗಳನ್ನು ನಿರೀಕ್ಷಿಸಿ ಹೋದವರಿಗೆ ಇದು ಕಡಿಮೆ ಎನಿಸಬಹುದು. ಆದರೆ ಹಡಗು ಎಲ್ಲಿದೆ ಎಂದು ತಿಳಿದರೆ ಹಾಗೆನಿಸುವುದಿಲ್ಲ. ನದಿ ತನ್ನ ಪಾತ್ರ ಬದಲಿಸಿತು. 1982ರಲ್ಲಿ ಮೆಂಫಿಸ್‌ನ ವಕೀಲ ಜೆರ್ರಿ ಪಾಟರ್ ಅವರ ತಂಡ ಹುಡುಕಿದಾಗ ಸುಟ್ಟ ಮರದ ಅವಶೇಷ ಸಿಕ್ಕಿದ್ದು ನೀರಿನಲ್ಲಲ್ಲ, ಒಂದು ಸೋಯಾ ಹೊಲದ ಅಡಿಯಲ್ಲಿ, ಸುಮಾರು 30 ಅಡಿ ಆಳದ ಮಣ್ಣಿನಲ್ಲಿ. ಅವರ ಹಡಗು ಹೊಲದ ಅಡಿಯಲ್ಲಿದೆ. ನಮ್ಮ ಹೊಲಗಳು ನೀರಿನ ಅಡಿಯಲ್ಲಿವೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ನನ್ನ ಅಪ್ಪ ಎತ್ತಿನ ಗಾಡಿಯಲ್ಲಿ ದೇವರ ಪೀಠ, ಒರಳುಕಲ್ಲು ಮತ್ತು ನನ್ನ ಅಜ್ಜಿಯನ್ನು ಹೇರಿಕೊಂಡು ಮೇಲಿನ ಗುಡ್ಡಕ್ಕೆ ಬಂದವರು.

ಗೋಡೆಯ ಬಗ್ಗೆ. ಆ ರಾತ್ರಿ ಸುಲ್ತಾನಾದಲ್ಲಿದ್ದ ಸೈನಿಕ, ಕೆಲಸಗಾರ, ಪ್ರಯಾಣಿಕ, ಪ್ರತಿಯೊಬ್ಬರ ಹೆಸರೂ ಅಲ್ಲಿದೆ. ಸತ್ತವರು ಎಷ್ಟು ಎಂಬ ಲೆಕ್ಕ ಇಂದಿಗೂ ಒಂದಾಗಿಲ್ಲ. ಹಳೆಯ ಸರ್ಕಾರಿ ಲೆಕ್ಕ 1,547 ಎನ್ನುತ್ತದೆ, 1,800 ಎಂದು ಬರೆದವರಿದ್ದಾರೆ, ಒಂದೊಂದೇ ಹೆಸರು ಹಿಡಿದು ದಾಖಲೆ ಜಾಲಾಡಿದ ಇತ್ತೀಚಿನ ಸಂಶೋಧನೆ 1,169 ಎನ್ನುತ್ತದೆ. ಲೆಕ್ಕ ತಪ್ಪಲು ಕಾರಣ, ಹತ್ತಿಸುವಾಗ ಯಾರೂ ಸರಿಯಾಗಿ ಎಣಿಸದಿದ್ದುದು. ಅಂದು ದಡದಲ್ಲಿ ಮಾಡಬೇಕಾಗಿದ್ದ ಕೆಲಸವನ್ನು ಒಂದೂವರೆ ಶತಮಾನದ ಬಳಿಕ ಈ ಊರಿನವರು ಗೋಡೆಯ ಮೇಲೆ ಮಾಡಿ ಮುಗಿಸಿದ್ದಾರೆ. ಇದಕ್ಕಾಗಿಯೇ ಈ ಮ್ಯೂಸಿಯಂ ನೋಡಬೇಕು ಎನ್ನುತ್ತೇನೆ. ತಪ್ಪಿಗೆ ಕಡೆಗೆ ಯಾರಿಗೂ ಶಿಕ್ಷೆಯಾಗಲಿಲ್ಲ: ಕ್ಯಾಪ್ಟನ್ ಹಡಗಿನೊಂದಿಗೇ ಸತ್ತ, ಒಬ್ಬ ಅಧಿಕಾರಿಯ ಮೇಲಿನ ತೀರ್ಪು ಮೇಲಿನವರಿಂದ ರದ್ದಾಯಿತು. ಲಿಂಕನ್ ಹತ್ಯೆಯಾಗಿ ಎರಡು ವಾರವೂ ಆಗಿರಲಿಲ್ಲ, ಕೊಂದವನು ಸತ್ತದ್ದು ಹಿಂದಿನ ದಿನವಷ್ಟೇ. ಪತ್ರಿಕೆಗಳಲ್ಲಿ ಈ ಬಡಪಾಯಿಗಳಿಗೆ ಜಾಗ ಸಿಗಲಿಲ್ಲ. ಅವರಿಗೆ ಸಿಕ್ಕಿರುವುದು ಈ ಗೋಡೆ.

ಅದರ ಎದುರು ನಿಂತು ಒಂದೊಂದೇ ಹೆಸರನ್ನು ತುಟಿಯಲ್ಲೇ ಓದತೊಡಗಿದೆ. ಹೆಂಡತಿ ಬಂದು ತೋಳು ಮುಟ್ಟಿದಾಗಲೇ ಎಚ್ಚರ. ಆಗ ನೆನಪಾದದ್ದು ಒಂದು ಡಿಸೆಂಬರ್ ಸಂಜೆ. ಸಾಗರದ ಕ್ರೀಡಾಕೂಟದಿಂದ ಹಿಂದಿರುಗುವಾಗ ಅಂಬಾರಗೋಡ್ಲಿನಲ್ಲಿ 34 ಮಕ್ಕಳನ್ನು ಹತ್ತಿಸಿದ್ದೆ, ಕಳಸವಳ್ಳಿಯಲ್ಲಿ 33 ಸಿಕ್ಕಿದರು. ಮತ್ತೆ ಎಣಿಸಿದೆ, 33. ಕತ್ತಲಾಗುತ್ತಿತ್ತು. ಹಿನ್ನೀರಿನ ಕಡೆ ತಿರುಗಿ ನೋಡುವ ಧೈರ್ಯ ನನಗಿರಲಿಲ್ಲ. ಐದನೆಯ ತರಗತಿಯ ಹುಡುಗನೊಬ್ಬ ಲಾಂಚಿನ ಮೇಲಿದ್ದ ಬಸ್ಸಿಗೆ ಹತ್ತಿ, ಹಿಂದಿನ ಸೀಟಿನಲ್ಲಿ ಗೆದ್ದ ಕಪ್ಪನ್ನು ಅವಚಿಕೊಂಡು ನಿದ್ದೆ ಹೋಗಿದ್ದ. ಅವನನ್ನು ಬೈಯಲಿಲ್ಲ, ಎತ್ತಿಕೊಂಡೇ ಊರಿನವರೆಗೆ ನಡೆದೆ.

ಮಕ್ಕಳನ್ನು ನೋಡಲು ಆ ಕಡೆಗೆ ಹೋಗುವ ಸಾಗರ, ಹೊಸನಗರ, ತೀರ್ಥಹಳ್ಳಿಯವರಿಗೆ ಎರಡು ಮಾತು. ಹೊರಡುವ ಮುನ್ನ ತೆರೆದಿರುವ ದಿನ, ವೇಳೆ, ಈಗ ಯಾವ ಕಟ್ಟಡದಲ್ಲಿದೆ ಎಂಬುದನ್ನು ವಿಚಾರಿಸಿಕೊಳ್ಳಿ. ನೋಡಲು ಒಂದೂವರೆ ಗಂಟೆ ಸಾಕು, ಓದುವವರಿಗೆ ಮೂರು ಬೇಕು. ಅಂತರ್ಯುದ್ಧದ ಕಥೆಯನ್ನು ಮೊದಲೇ ಯಾರಿಂದಲಾದರೂ ಕೇಳಿ ತಿಳಿದುಕೊಂಡರೆ ಫಲಕಗಳು ಸಲೀಸಾಗಿ ಅರ್ಥವಾಗುತ್ತವೆ.

2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆಯಿತು. ಬೇಕಾಗಿತ್ತು, ರಾತ್ರಿ ಹೊತ್ತು ಹೆರಿಗೆ ನೋವಿಗೆ, ಹಾವು ಕಚ್ಚಿದ್ದಕ್ಕೆ ದಡದಲ್ಲಿ ಕಾದವರಿಗೆ ಅದರ ಬೆಲೆ ಗೊತ್ತು. ಆದರೆ ಈಗ ಹಿನ್ನೀರನ್ನು ಕೆಲವೇ ನಿಮಿಷದಲ್ಲಿ ದಾಟುವ ಮಕ್ಕಳಿಗೆ ಕೆಳಗೆ ಏನಿದೆ ಎಂದು ಯಾರು ಹೇಳುತ್ತಾರೆ? ಮೇರಿಯನ್ನಿನಿಂದ ಬಂದ ಮೇಲೆ ಇನ್ನೂರು ಪುಟದ ಒಂದು ನೋಟ್‌ಬುಕ್ ತಂದೆ. ಮುಳುಗಡೆಗೆ ಮುಂಚೆ ನಮ್ಮ ಕೇರಿಯಲ್ಲಿ ಯಾವ ಮನೆಯ ಪಕ್ಕ ಯಾವ ಮನೆ ಇತ್ತು, ಯಾರ್‍ಯಾರು ಇದ್ದರು ಎಂದು ಉಳಿದಿರುವ ಹಿರಿಯರನ್ನು ಕೇಳಿ ಬರೆಯುತ್ತಿದ್ದೇನೆ. ಇಲ್ಲಿಯವರೆಗೆ 11 ಮನೆ, 83 ಹೆಸರು. ಹೊಳೆಗೆ ಹತ್ತಿರದ ಸಾಲಿನಲ್ಲಿ ಇನ್ನೂ ನಾಲ್ಕು ಮನೆಗಳು ಬಾಕಿ ಇವೆ. ಅವುಗಳಲ್ಲಿ ಒಂದರ ಸೊಸೆ ಈಗ ಹೊಸನಗರದ ಕಡೆ ಇದ್ದಾರೆ, ತೊಂಬತ್ತರ ಹತ್ತಿರ ವಯಸ್ಸು. ಬರುವ ಭಾನುವಾರ ಅವರ ಬಳಿ ಹೋಗುತ್ತಿದ್ದೇನೆ.