ನಿದ್ದೆಗೆ ಅಶ್ವಗಂಧವೋ, ಜಾಯಿಕಾಯಿಯೋ?

ಅಜ್ಜಿ ಸಾಣೆಕಲ್ಲಿಗೆ ಎರಡು ಹನಿ ಹಾಲು ಬಿಟ್ಟು ಜಾಯಿಕಾಯಿಯನ್ನು ನಾಲ್ಕು ಸುತ್ತು ತೇಯ್ದು, ಆ ಕಂದು ಗಂಧವನ್ನು ಬಿಸಿ ಹಾಲಿಗೆ ಬೆರೆಸುತ್ತಿದ್ದರು. ಅಷ್ಟಕ್ಕೆ ಅಪಾಯವಿಲ್ಲ, ಆದರೆ ನಿದ್ರಾಹೀನತೆಗೆ ಅದು ಮದ್ದು ಎನ್ನಲು ಗಟ್ಟಿ ಪುರಾವೆಯೂ ಇಲ್ಲ. ನಿದ್ದೆ ಬರಲಿಲ್ಲವೆಂದು ಚಮಚಗಟ್ಟಲೆ ಪುಡಿ ನುಂಗಿದರೆ ಮಾತ್ರ ಕಥೆ ಬೇರೆ. ಸುಮಾರು 5 ಗ್ರಾಂ ದಾಟಿದರೆ ಅದರಲ್ಲಿರುವ ಮಿರಿಸ್ಟಿಸಿನ್ ಎಂಬ ರಾಸಾಯನಿಕದಿಂದ ಎದೆಬಡಿತ, ವಾಂತಿ, ಭ್ರಮೆ. ಮಕ್ಕಳಿಗಂತೂ ಬೇಡ.

ಅಶ್ವಗಂಧ, ನಮ್ಮ ಹಿರೇಮದ್ದು, ಪುರಾವೆಯಲ್ಲಿ ಒಂದು ಹೆಜ್ಜೆ ಮುಂದೆ. 2021ರಲ್ಲಿ ಐದು ಪ್ರಯೋಗಗಳ 400 ಜನರ ಮಾಹಿತಿ ಒಟ್ಟುಗೂಡಿಸಿದಾಗ ನಿದ್ದೆ ಸ್ವಲ್ಪ ಸುಧಾರಿಸಿದ್ದು ಕಂಡಿತು. ದಿನಕ್ಕೆ 600 ಮಿಲಿಗ್ರಾಂ ಸಾರ, ಎಂಟು ವಾರ ತೆಗೆದುಕೊಂಡವರಲ್ಲಿ ಗುಣ ಹೆಚ್ಚು. ಅಂದರೆ ಇವತ್ತು ನುಂಗಿ ಇವತ್ತೇ ಗೊರಕೆ ಹೊಡೆಯುವ ಮಾತಲ್ಲ. ಅಪರೂಪಕ್ಕೆ ಯಕೃತ್ತಿಗೆ ಪೆಟ್ಟಾದ ವರದಿಗಳಿವೆ. ಗರ್ಭಿಣಿಯರು, ಥೈರಾಯ್ಡ್ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಮುಟ್ಟಬಾರದು.

ನಿದ್ದೆಗೆಂದು ಮಾರುವ ವಲೇರಿಯನ್ ಎಂಬ ಗಿಡದ ಬೇರು? ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿಯೇ 2017ರಲ್ಲಿ ಬೇಡವೆಂದಿತು, ದುಡ್ಡು ಉಳಿಸಿ.

ನನ್ನನ್ನು ಕೇಳಿದರೆ, ಬರೀ ಹಾಲಿನ ಸುಖಕ್ಕೆ ಚಿಟಿಕೆ ಜಾಯಿಕಾಯಿ ಸಾಕು. ಚಿಂತೆಯಿಂದ ವಾರಗಟ್ಟಲೆ ನಿದ್ದೆಗೆಟ್ಟವರು, ಯಕೃತ್ತು ಸರಿಯಿದ್ದರೆ, ಅಶ್ವಗಂಧವನ್ನು ಎರಡು ತಿಂಗಳು ನೋಡಬಹುದು. ಮೂರು ತಿಂಗಳಿಂದಲೂ ಇದೇ ಪಾಡಾದರೆ ಎರಡೂ ಬಿಟ್ಟು ವೈದ್ಯರಲ್ಲಿಗೆ ಹೋಗಿ.